ಬದುಕಿ ಬಂದವನಿಗೆ ಯಾವ ಕಲ್ಲು?

ವೀರಗಲ್ಲು ಕೆತ್ತುವವನಿಗೆ ಒಂದು ಅನುಕೂಲವಿತ್ತು. ಅವನ ವೀರ ಆಗಲೇ ಸತ್ತಿರುತ್ತಿದ್ದ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಕತೆ ಅಲ್ಲಿಗೆ ಮುಗಿಯಿತು. ತುರುಗಳ್ಳರ ಬೆನ್ನಟ್ಟಿ, ಊರ ದನ ಬಿಡಿಸಿಕೊಂಡು, ರಾತ್ರಿ ಮನೆಗೆ ಬಂದು ಗಂಜಿ ಉಂಡು ಮಲಗಿದವನಿಗೂ ಕಲ್ಲು ನಿಲ್ಲಿಸಿದ್ದನ್ನು ನಾನಂತೂ ಎಲ್ಲೂ ಕಂಡಿಲ್ಲ. ದನ ಬಿಡಿಸಿದ್ದು ಇಬ್ಬರೂ. ಕಲ್ಲು ಮಾತ್ರ ಸತ್ತವನಿಗೆ.

ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಮಾಡಿಸಿಕೊಂಡು, ಮಳೆಗಾಲ ಬಂದರೆ ಅದೇ ರಸ್ತೆಯ ಮೇಲಿನ ಮಣ್ಣು ತೆಗೆಸಿಕೊಂಡು ನಿವೃತ್ತನಾದ ನನಗೆ ಈ ಪ್ರಶ್ನೆ ಹತ್ತಿದ್ದು ನಮ್ಮ ಜಿಲ್ಲೆಯವರೇ ಆದ ಮೇಜರ್ ರಾಮ ರಾಘೋಬಾ ರಾಣೆಯವರಿಂದ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ಬಳಿ ಅವರ ಪ್ರತಿಮೆ ಇದೆ. ಫೋಟೋ ತೆಗೆಸಿಕೊಳ್ಳುವವರೆಲ್ಲ ಹಡಗಿನ ಕಡೆಗೇ ಓಡುತ್ತಾರೆ, ಇರಲಿ. ಹುಟ್ಟಿದ್ದು 1918ರ ಜೂನ್ 26ರಂದು, ಕಾರವಾರದ ಹತ್ತಿರದ ಚೆಂಡಿಯಾದಲ್ಲಿ. ತಂದೆ ಪೊಲೀಸ್ ಪೇದೆ. ಕಾರವಾರ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಹುಡುಗ 1940ರಲ್ಲಿ ಸೇರಿದ್ದೂ ಬಾಂಬೆ ಸ್ಯಾಪರ್ಸ್‌ಗೆ, ಅಂದರೆ ಸೇನೆಯ ಎಂಜಿನಿಯರುಗಳ ಪಡೆಗೆ. ಬರ್ಮಾದ ಯುದ್ಧ ಕಂಡು, 1947ರ ಡಿಸೆಂಬರ್‌ನಲ್ಲಿ ಅಧಿಕಾರಿಯಾದರು. ನಾಲ್ಕೇ ತಿಂಗಳಿಗೆ, ಕಾಶ್ಮೀರದ ಯುದ್ಧದಲ್ಲಿ ಸೇನೆ ರಜೌರಿಯತ್ತ ಹೊರಟಾಗ, ನೌಶೇರಾ–ರಜೌರಿ ರಸ್ತೆ ಎದುರಿಗೆ ಬಂತು.

ಆ ನಾಲ್ಕು ದಿನಗಳ ಕತೆಯನ್ನು ನಾನು ಗಂಟೆ ಲೆಕ್ಕದಲ್ಲೇ ಹೇಳಬೇಕು. 1948ರ ಏಪ್ರಿಲ್ 8, ಬೆಳಿಗ್ಗೆ 11 ಗಂಟೆ. ನೆಲಬಾಂಬು ತೆಗೆಯುವ ತಂಡ ಟ್ಯಾಂಕುಗಳ ಬಳಿ ನಿಂತಿದ್ದಾಗ ಮಾರ್ಟರ್ ಗುಂಡುಗಳು ಬಿದ್ದವು. ಇಬ್ಬರು ಸತ್ತರು. ಐವರಿಗೆ ಗಾಯ, ಅವರಲ್ಲಿ ರಾಣೆಯೂ ಒಬ್ಬರು. ಉಳಿದವರನ್ನು ಕಟ್ಟಿಕೊಂಡು ಅವರು ಕೆಲಸಕ್ಕೆ ತೊಡಗಿದರು. ಸಂಜೆ ಬರವಾಲಿ ದಿಣ್ಣೆ ಕೈವಶವಾದ ಮೇಲೆ, ಶತ್ರುಗಳು ಇನ್ನೂ ಪೂರ್ತಿ ಕಾಲ್ತೆಗೆದಿಲ್ಲವೆಂದು ಗೊತ್ತಿದ್ದೂ ಮುಂದೆ ಹೋಗಿ, ರಾತ್ರಿ ಹತ್ತರವರೆಗೆ ಟ್ಯಾಂಕುಗಳಿಗೆ ಡೈವರ್ಶನ್ ಕಡಿದರು. ಮರುದಿನ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಮೂರರವರೆಗೆ ಮತ್ತೆ ಅದೇ ಕೆಲಸ. ರಸ್ತೆ ತೆರೆಯಿತು ಅನ್ನುವಾಗ ಅರ್ಧ ಮೈಲಿಗೆ ಅಡ್ಡ ಕೆಡವಿದ ಪೈನ್ ಮರಗಳು, ಸಿಡಿಸಿದರು. ಇನ್ನು 300 ಗಜಕ್ಕೆ ಮತ್ತೆ ಮರಗಳು. ಆಮೇಲೆ ಒಡೆದು ಹಾಕಿದ ಮೋರಿ. ಕತ್ತಲಾಗುವ ಹೊತ್ತಿಗೆ ಐದು ದೊಡ್ಡ ಮರಗಳು, ಸುತ್ತ ನೆಲಬಾಂಬು, ಮೇಲಿಂದ ಮೆಷಿನ್ ಗನ್ ಕಾವಲು. ಅಲ್ಲಿಗೂ ಕೈಹಾಕಿದ್ದರು, ದಂಡಿನ ನಾಯಕರೇ ಆ ರಾತ್ರಿಗೆ ಸಾಕೆಂದು ನಿಲ್ಲಿಸಿದರು. ಹತ್ತನೆಯ ತಾರೀಕು ಬೆಳಗಿನ ಜಾವ 4.45ಕ್ಕೆ ಅದೇ ಮರಗಳ ಮುಂದೆ ರಾಣೆ ಹಾಜರು. 6.30ಕ್ಕೆ ಅಡ್ಡಿ ಸರಿದಿತ್ತು.

ಆ ಗುಡ್ಡದ ರಸ್ತೆಯನ್ನು ನಾನು ನೋಡಿಲ್ಲ, ಆದರೆ ಅರಬೈಲು ಘಟ್ಟದಲ್ಲಿ ಕೆಲಸ ಮಾಡಿಸಿದವನಿಗೆ ಒಂದು ಮೋರಿ ಕೊಚ್ಚಿಹೋದರೆ ಏನೇನು ಬೇಕು ಎಂಬುದು ಗೊತ್ತು. ಅಳತೆ ಬೇಕು, ಕಲ್ಲು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಅವಸರವಿಲ್ಲದ ಕೈ ಬೇಕು. ಆವೇಶದಲ್ಲಿ ಕತ್ತಿ ಬೀಸಬಹುದು. ಆವೇಶದಲ್ಲಿ ನೆಲಬಾಂಬು ಕೀಳಲು ಬರುವುದಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದಾಗ, ಮೇಲಿನ ಮಣ್ಣು ಇನ್ನೂ ಸಡಿಲವಿದ್ದಂತೆಯೇ ಕೆಳಗೆ ಹಿಟಾಚಿ ನಡೆಸಿದವರಿದ್ದಾರೆ. ಒಂದು ಕಣ್ಣು ಬಕೆಟ್ಟಿನ ಮೇಲೆ, ಇನ್ನೊಂದು ಗುಡ್ಡದ ಮೇಲೆ. ಅವರನ್ನು ವೀರರೆಂದು ಕರೆಯಲು ನಮಗೆ ನಾಲಿಗೆ ಏಳುವುದಿಲ್ಲ, ಯಾಕೆಂದರೆ ಸಂಜೆ ಅವರು ಚಹಾ ಕುಡಿಯುವುದನ್ನು ನೋಡಿರುತ್ತೇವೆ.

ಗೀತೆಯಲ್ಲಿ ಕೃಷ್ಣ ಅರ್ಜುನನ ಮುಂದಿಡುವ ಲೆಕ್ಕದಲ್ಲೂ ಎರಡೇ ಸಾಲು: ಸತ್ತರೆ ಸ್ವರ್ಗ, ಗೆದ್ದರೆ ರಾಜ್ಯ. ರಾಣೆಗೆ ಎರಡೂ ಸಿಗಲಿಲ್ಲ. ಸಾಯಲಿಲ್ಲ, ರಾಜ್ಯ ಆಳುವ ಮಾತಂತೂ ಇಲ್ಲ. ಸಿಕ್ಕಿದ್ದು ಪರಮವೀರ ಚಕ್ರ, ಅದನ್ನು ಬದುಕಿದ್ದು ಪಡೆದವರಲ್ಲಿ ಮೊದಲಿಗರು. ಆ ಪದಕದ ಮೇಲಿರುವುದು ಇಂದ್ರನ ವಜ್ರಾಯುಧ. ದಧೀಚಿ ಪ್ರಾಣ ಬಿಟ್ಟುಕೊಟ್ಟು, ಅವನ ಎಲುಬಿನಿಂದ ಆದದ್ದು. ಈವರೆಗಿನ 21 ಪರಮವೀರ ಚಕ್ರಗಳಲ್ಲಿ 14 ಮರಣೋತ್ತರ. ಅಂದರೆ ಪದಕವೂ ಒಳಗೊಳಗೆ ವೀರಗಲ್ಲಿನ ಮಾತನ್ನೇ ಆಡುತ್ತದೆ. ಮೇಜರ್ ಆಗಿ 1968ರಲ್ಲಿ ನಿವೃತ್ತರಾಗಿ, 1994ರಲ್ಲಿ ಪುಣೆಯಲ್ಲಿ ತೀರಿಕೊಂಡ ಮನುಷ್ಯನಿಗೆ ಈ ಭಾಷೆ ಹೊಂದುವುದಿಲ್ಲ. ಆ ಏಪ್ರಿಲ್ ಆದ ಮೇಲೆ 46 ವರ್ಷ ಬದುಕಿದ್ದು ಅವರ ಪುಣ್ಯವನ್ನೇನಾದರೂ ಕಡಿಮೆ ಮಾಡಿತೇ?

ನನಗೆ ಹೊಂದುವ ಅಳತೆಗೋಲು ಸಿಕ್ಕಿದ್ದು ಜೈನರಲ್ಲಿ. ಶಾಸನಗಳಲ್ಲಿ ನಾಲ್ಕು ದಾನಗಳ ಮಾತು ಮತ್ತೆ ಮತ್ತೆ ಬರುತ್ತದೆ: ಆಹಾರ, ಅಭಯ, ಔಷಧ, ಶಾಸ್ತ್ರ. ನಿಮ್ಮ ಹಿಂದೆ ಬರುವವನು ಹೆದರದೆ ಕಾಲಿಡುವಂತೆ ಮಾಡುವುದು ಅಭಯದಾನವಲ್ಲದೆ ಇನ್ನೇನು? ಕೊಡುವವನು ಅದಕ್ಕಾಗಿ ಸಾಯಬೇಕೆಂಬ ಕರಾರು ಅಲ್ಲಿಲ್ಲ. ಗೋಮಟನನ್ನು ನಿಲ್ಲಿಸಿದ ಚಾವುಂಡರಾಯನೇ ಗಂಗರ ದಂಡನಾಯಕನಾಗಿದ್ದವನು. ಹಾಗಾಗಿ ಯುದ್ಧ ಮತ್ತು ಅಹಿಂಸೆಯ ತಾಕಲಾಟ ನಮ್ಮ ನೆಲಕ್ಕೆ ಹೊಸದಲ್ಲ.

ಇದನ್ನು ಜೈನ ಗೆಳೆಯರೊಬ್ಬರ ಮುಂದೆ ಹೇಳಿದೆ, ನಿವೃತ್ತ ಮೇಷ್ಟ್ರು. ಅವರು ಒಪ್ಪಲಿಲ್ಲ. "ಅಭಯ ಸಕಲ ಜೀವಿಗಳಿಗೆ ಕೊಡುವಂಥದ್ದು ಮಾರಾಯ್ರೆ. ನಿಮ್ಮ ರಾಣೆ ದಾರಿ ಮಾಡಿದ್ದು ಟ್ಯಾಂಕಿಗೆ. ಟ್ಯಾಂಕು ಹೋಗಿ ಮಾಡಿದ್ದೇನು?" ಅಂದರು.

ಮಾತು ಚುಚ್ಚಿತು, ಯಾಕೆಂದರೆ ಇನ್ನೊಂದು ಸಂಗತಿ ನನಗೆ ಗೊತ್ತಿತ್ತು. ಏಪ್ರಿಲ್ 12ರಂದು ಸೇನೆ ರಜೌರಿ ಮುಟ್ಟಿದಾಗ ಊರು ಹಾಳುಬಿದ್ದಿತ್ತು. ಜನರಲ್ಲಿ ಬಹಳಷ್ಟು ಮಂದಿ ಕೊಲೆಯಾಗಿದ್ದರು, ಇಲ್ಲವೇ ಓಡಿಹೋಗಿದ್ದರು. ಒಂದೊಂದು ಮರಕ್ಕೂ ಒಂದೊಂದು ಗಂಟೆ ಕೊಟ್ಟು ತೆರೆದ ದಾರಿ ಅವರ ಪಾಲಿಗೆ ತಡವಾಗಿಯೇ ತೆರೆಯಿತು. ಫಲದ ಮೇಲೆ ಅಧಿಕಾರವಿಲ್ಲ ಎಂದು ಗೋಡೆಗೆ ಬರೆಸಿ ಹಾಕುವುದು ಸುಲಭ. ಇಂಥಲ್ಲಿ ಆ ಮಾತಿನ ಭಾರ ಬೇರೆ.

ಆದರೂ ಮೇಷ್ಟ್ರಿಗೆ ಒಂದು ಸಂಗತಿ ಹೇಳಿದೆ. ಹತ್ತನೆಯ ತಾರೀಕು ಟ್ಯಾಂಕುಗಳು ರಸ್ತೆ ಬಿಟ್ಟು ತಾವಿ ನದಿಯ ಪಾತ್ರಕ್ಕೆ ಇಳಿದು, ಮಧ್ಯಾಹ್ನ ಎರಡಕ್ಕೆ ಚಿಂಗಸ್ ತಲುಪಿದವು. ಅವಕ್ಕೆ ಇನ್ನು ರಾಣೆಯ ರಸ್ತೆ ಬೇಕಿರಲಿಲ್ಲ. ಅವರು ನಿಲ್ಲಿಸಲಿಲ್ಲ. ಊಟವಿಲ್ಲದೆ, ವಿಶ್ರಾಂತಿಯಿಲ್ಲದೆ, ಗಾಯದ ಮೈಯಲ್ಲಿ ಆ ರಾತ್ರಿ ಒಂಬತ್ತರವರೆಗೆ, ಮರುದಿನ ಮತ್ತೆ ಆರರಿಂದ ಹನ್ನೊಂದರವರೆಗೆ ರಸ್ತೆ ಬಿಡಿಸಿದರು. ಅದು ಹಿಂದೆ ಬರುವ ಸರಬರಾಜಿನ ಗಾಡಿಗಳಿಗೆ. ರೇಷನ್ನು, ಔಷಧಿ ಬರುವುದು ಅವುಗಳಲ್ಲೇ. ಮೇಲಾಗಿ ನೆಲಬಾಂಬು ಕಾಲಿಟ್ಟವನ ಧರ್ಮ ಕೇಳುವುದಿಲ್ಲ. ಕಿತ್ತು ಹಾಕಿದರೆ ಆ ದಾರಿಯಲ್ಲಿ ಮುಂದೆ ನಡೆಯುವ ಎಲ್ಲರೂ ಉಳಿದರು, ಕುರಿ ಕಾಯುವವನೂ ಸೇರಿ.

ಮೇಷ್ಟ್ರು ಬೆರಳು ಮಡಚಿದರು. "ಆಹಾರ ಆಯ್ತು, ಔಷಧ ಆಯ್ತು, ಅಭಯ ಅರ್ಧ ಆಯ್ತು. ಶಾಸ್ತ್ರ ನೀವೇ ಕೊರೀತಾ ಇದ್ದೀರಿ." ಉಳಿದ ಅರ್ಧಕ್ಕೆ ಅವರು ಇಂದಿಗೂ ಒಪ್ಪಿಲ್ಲ. ನಾನು ಮೂರೂವರೆ ದಾನಕ್ಕೆ ಒಂದು ಕಲ್ಲು ಕೇಳುತ್ತಿದ್ದೇನೆ, ಅವರು ಬೇಡ ಅನ್ನುತ್ತಿದ್ದಾರೆ.