ಬರೆಸೋದು ಧರ್ಮವೋ, ಮುಚ್ಚಿಡೋದು ಧರ್ಮವೋ

ಹುಟ್ಟಿದ ಮಗುವಿನ ತುಟಿ ಸೀಳಿದ್ದರೆ, ಪಾದ ತಿರುಚಿದ್ದರೆ, ಅದನ್ನು ಸರ್ಕಾರದ ಪುಸ್ತಕದಾಗೆ ಬರೆಸಬೇಕೋ, ಮನೆಯಾಗೇ ಮುಚ್ಚಿಡಬೇಕೋ? ನಮ್ಮ ಕಡೆ ಬಹಳ ಮಂದಿ ಮುಚ್ಚಿಡೋದೇ ಮರ್ಯಾದೆ ಅಂತಾರೆ. ಬಸುರಿ ಗ್ರಹಣದಾಗೆ ಹೊರಗೆ ಬಂದಳು, ಹಿಂದಿನ ಜನ್ಮದ ಕರ್ಮ, ಅಂತ ತಾಯಿಯ ತಲೆಮೇಲೆ ಹಾಕ್ತಾರೆ. ಇದು ನ್ಯಾಯವೇ ಅಂತ ವಿಚಾರ ಮಾಡಬೇಕು.

ಕಾಸರಗೋಡು ಜಿಲ್ಲೆಯಲ್ಲಿ ನಮ್ಮಂಗೇ ಕನ್ನಡ ಆಡೋ ಗಡಿಸೀಮೆ ಐತೆ. ಅಲ್ಲಿ ಎಣ್ಮಕಜೆ ಪಂಚಾಯತಿಯ ಪಡ್ರೆ ಅನ್ನೋ ಊರು. ಗುಡ್ಡದ ಮೇಲೆ ಕೇರಳ ಸರ್ಕಾರದ ನಿಗಮದ ಗೇರು ತೋಟ. 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕೆಳಗೆ ಮನೆ, ಹಳ್ಳ, ಕುಡಿಯೋ ನೀರು. ಕುಂದಿನ ಮಗು ಹುಟ್ಟಿದ ಮನೆಯವರು ದೈವದ ಸಿಟ್ಟು ಅಂದುಕೊಂಡು ಸುಮ್ಮನಿದ್ದರು. ಅಲ್ಲೇ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ಅವರು ಇಷ್ಟು ಚಿಕ್ಕ ಊರಾಗೆ ಇಷ್ಟೊಂದು ಕಾಯಿಲೆ ಯಾಕೆ ಅಂತ ಕೇಳಿದರು. ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. ಎಷ್ಟು ಕಾಯಿಲೆಗೆ ಆ ಔಷಧಿಯೇ ಕಾರಣ ಅಂತ ತಿಳಿದವರ ನಡುವೆ ವಾದ ನಡೆಯಿತು. ಆದರೂ 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲಾ ಅದನ್ನು ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಕೇರಳ ಸರ್ಕಾರಕ್ಕೆ ಹೇಳಿತು.

ಹೊಲದಾಗೆ ಒಂದು ಶೇಂಗಾ ಗಿಡ ಒಣಗಿದರೆ ಹೋಗಲಿ ಅಂತೀವಿ. ಸಾಲಿಗೆ ಸಾಲೇ ಒಣಗಿದರೆ ಬೇರು ಕಿತ್ತು ನೋಡ್ತೀವಿ. ಆದರೆ ಒಣಗಿದ ಗಿಡವನ್ನು ಒಬ್ಬೊಬ್ಬರೂ ಮುಚ್ಚಿಟ್ಟರೆ ಸಾಲು ಕಾಣೋದು ಹೆಂಗೆ? ಒಂದು ಮನೆಯಾಗಿದ್ದರೆ ಹಣೆಬರಹ ಅನ್ನಿಸ್ತದೆ, ಹತ್ತು ಮನೆ ಲೆಕ್ಕ ಕೂಡಿದರೆ ಕಾರಣ ಹುಡುಕೋ ದಾರಿ ತೆರೀತದೆ.

ಈ ಲೆಕ್ಕಕ್ಕೆ ಈಗ ದಾರಿ ಐತೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಹೆರಿಗೆಯಾದ ಕಡೆ ನರ್ಸಮ್ಮ, ಮನೆಗೆ ಬಂದು ಆಶಾ ಕಾರ್ಯಕರ್ತೆ, ಆಮೇಲೆ ಅಂಗನವಾಡಿ, ಶಾಲೆಗಳಾಗೆ ವೈದ್ಯರ ತಂಡ, ಹೀಗೆ 18 ವರ್ಷದವರೆಗೆ ಮಕ್ಕಳನ್ನು ನೋಡಬೇಕು. ತಿರುಚಿದ ಪಾದಕ್ಕೆ ಹುಟ್ಟಿದ ಕೆಲವೇ ವಾರದಾಗೆ ಪಟ್ಟಿ ಹಾಕಲು ಶುರು ಮಾಡಿದರೆ ಬಹಳ ಮಕ್ಕಳು ನೆಟ್ಟಗೆ ನಡೀತಾರೆ. ಮುಚ್ಚಿಟ್ಟ ಮಗುವಿಗೆ ಆ ವಾರಗಳು ತಿರುಗಿ ಬರೋದಿಲ್ಲ.

ತಡೆಯೋದಕ್ಕೂ ಆಗ್ತದೆ, ಎಲ್ಲಾ ಅಲ್ಲ, ಕೆಲವು. ಮಗುವಿನ ಬೆನ್ನುಹುರಿ ಕೂಡೋದು ಗರ್ಭ ನಿಂತ ಮೊದಲ 28 ದಿನದಾಗೆ. ಆಗ ಎಷ್ಟೋ ಹೆಣ್ಮಕ್ಕಳಿಗೆ ತಾವು ಬಸುರಿ ಅಂತಲೇ ಗೊತ್ತಿರೋದಿಲ್ಲ. ಅದಕ್ಕೇ ಫೋಲಿಕ್ ಆಮ್ಲದ ಮಾತ್ರೆ ಅದಕ್ಕೂ ಮುಂಚೆಯೇ ಶುರುವಾಗಬೇಕು. ಸೊಪ್ಪು, ಕಾಳು, ಶೇಂಗಾ ತಿಂದರೂ ಮಾತ್ರೆ ಬಿಡಬಾರದು. ರುಬೆಲ್ಲಾ ಲಸಿಕೆ ಹಾಕಿಸಬೇಕು. ಇನ್ನೊಂದು ಮಾತು ಕಹಿ. ಸೋಬಾನೆ ಪದದಾಗೆ ನಾವು ಸೋದರಮಾವನ್ನ ಹೊಗಳಿ ಹಾಡ್ತೀವಿ. ಅಕ್ಕನ ಮಗಳನ್ನು ತಂದುಕೊಂಡ ಮನೆಗಳಾಗೆಲ್ಲಾ ಹಿಂಗೆ ಆಗೋದಿಲ್ಲ, ಆದರೆ ರಕ್ತ ಹತ್ತಿರವಾದಷ್ಟೂ ಭಯ ಹೆಚ್ಚು ಅಂತ ವೈದ್ಯರು ಹೇಳ್ತಾರೆ. ಪದ ಹಾಡೋಣ, ಸಂಬಂಧ ಹೊರಗೆ ನೋಡೋಣ.

ಬರೆಸಿದರೆ ಆ ಮಗುವಿನ ಅಕ್ಕತಂಗಿಯರ ಮದುವೆ ನಿಂತೀತು ಅಂತ ಹೆದರೋರು ಇದ್ದಾರೆ. ಆ ಹೆದರಿಕೆ ಸುಳ್ಳಲ್ಲ. ಆದರೆ ಮದುವೆ ನಿಲ್ಲಿಸೋದು ಪುಸ್ತಕ ಅಲ್ಲ, ಕಟ್ಟೆ ಮೇಲೆ ಕುಂತ ನಮ್ಮ ನಾಲಿಗೆ. ಬರೆದುಕೊಂಡವರು ಗುಟ್ಟು ಕಾಯಬೇಕು, ನಾವು ಬಾಯಿ ಕಾಯಬೇಕು.

ಕುಂದು ತಡೆಯೋದು ಅಂದರೆ ಕುಂದಿರೋ ಮಗು ಬೇಡ ಅನ್ನೋದಲ್ಲ. ಕುಂಟ, ಮೂಗ ಅಂತ ಕರೆಯದೆ ಅಪ್ಪ ಅಮ್ಮ ಇಟ್ಟ ಹೆಸರಿಂದ ಕರೀರಿ, ಶಾಲೆಗೆ ಕಳಿಸಿರಿ, ಜಾತ್ರೆಗೆ ಹೆಗಲ ಮೇಲೆ ಹೊತ್ತುಕೊಂಡು ಬನ್ನಿರಿ. ಮುಂದೆ ಹುಟ್ಟೋ ಮಗುವಿಗೂ ಈಗ ಇರೋ ಮಗುವಿಗೂ ನಾವು ಸಾಲಗಾರರು. ಒಬ್ಬರ ಸಾಲ ತೀರಿಸೋದಕ್ಕೆ ಇನ್ನೊಬ್ಬರನ್ನು ಅಡ ಇಡೋದು ಧರ್ಮವಲ್ಲ.