ಕೊನೆಯ ದಾರಿಗೆ ಬುತ್ತಿ

"ನರಳಾಟ ಇಲ್ಲದೆ, ಮಲಗಿದಲ್ಲೇ ಪ್ರಾಣ ಹೋಗಲಿ" ಎಂದು ಬೇಡಿಕೊಳ್ಳುವವರು ಬಹಳ. ಅಂಥ ಸಾವು ಬಂದರೆ "ಪುಣ್ಯವಂತ, ಯಾರಿಗೂ ತೊಂದರೆ ಕೊಡಲಿಲ್ಲ" ಅಂತಾರೆ. ಆದರೆ ಧರ್ಮಸಭೆಯ ಪುರಾತನ ಸಂತರ ಪ್ರಾರ್ಥನಾಮಾಲೆಯಲ್ಲಿ ಇರುವ ಕೋರಿಕೆಯೇ ಬೇರೆ. ಹಠಾತ್ತಾಗಿ, ಸಿದ್ಧತೆಯಿಲ್ಲದೆ ಬರುವ ಸಾವಿನಿಂದ ಪಾರುಮಾಡಬೇಕೆಂದು ಅದು ದೇವರಲ್ಲಿ ಮೊರೆಯಿಡುತ್ತದೆ.

ಹಾಗಾದರೆ ನರಳಿ ಸಾಯುವುದು ಒಳ್ಳೆಯದೇ? ಖಂಡಿತ ಅಲ್ಲ. ನೋವು ಕಡಿಮೆ ಮಾಡುವ ಔಷಧಿಯನ್ನು ಧರ್ಮಸಭೆ ಬೇಡ ಅನ್ನುವುದಿಲ್ಲ. ಅದರ ಚಿಂತೆ ಬಾಕಿ ಉಳಿದ ಲೆಕ್ಕದ್ದು. ಆಸ್ತಿ ಪಾಲಿನಲ್ಲಿ ಮುನಿಸಿಕೊಂಡು ಮಾತು ಬಿಟ್ಟ ಅಣ್ಣತಮ್ಮಂದಿರು, ತೀರಿಸದ ಕೈಸಾಲ, ಕೇಳದೆ ಉಳಿದ ಕ್ಷಮೆ, ಇವಕ್ಕೆಲ್ಲ ಒಂದಿಷ್ಟು ಹೊತ್ತು ಬೇಕು.

ಯೇಸುಸ್ವಾಮಿಯ ಕೊನೆಯ ಗಳಿಗೆಗಳನ್ನು ನೋಡಿ. ಗೆತ್ಸೆಮನಿ ತೋಟದಲ್ಲಿ ಅವರೂ ಕಳವಳಪಟ್ಟರು. ಸಾವಿಗೆ ಅಂಜುವುದು ಪಾಪವಲ್ಲ. ಆದರೂ ಶಿಲುಬೆಯ ಮೇಲೆ ಒಂದೊಂದೇ ಕೆಲಸ ಮುಗಿಸಿದರು. ಕೊಲ್ಲುತ್ತಿದ್ದವರಿಗಾಗಿ ಕ್ಷಮೆ ಬೇಡಿದರು, ತಾಯಿಯನ್ನು ಶಿಷ್ಯನ ಕೈಗೊಪ್ಪಿಸಿದರು, ಕಡೆಗೆ ತಮ್ಮ ಆತ್ಮವನ್ನು ತಂದೆಗೆ ಒಪ್ಪಿಸಿದರು.

ಮನೆಗಳಲ್ಲಿ ನಡೆಯುವುದು ಬೇರೆ. ಡಾಕ್ಟರು ಕೈಚೆಲ್ಲಿದ ಮೇಲೂ ರೋಗಿಗೆ "ಏನೂ ಆಗಿಲ್ಲ, ನಾಳೆ ಮನೆಗೆ ಹೋಗೋಣ" ಅಂತಾರೆ. "ಈಗಲೇ ಫಾದರ್ ಬಂದರೆ ಅಪ್ಪ ಹೆದರ್ತಾರೆ" ಎಂದು ತಡ ಮಾಡ್ತಾರೆ. ಕರೆಯುವ ಹೊತ್ತಿಗೆ ಮಾತು ನಿಂತಿರುತ್ತದೆ. ಪ್ರಜ್ಞೆ ತಪ್ಪಿದವರಿಗೂ ಗುರುಗಳು ಅಭ್ಯಂಗ ಕೊಡ್ತಾರೆ, ನಿಜ. ಆದರೆ ಅವರು ಪಾಪನಿವೇದನೆ ಮಾಡುವುದು ಹೇಗೆ? "ತಮ್ಮನನ್ನು ಕರೆಸಿ" ಎಂದು ಹೇಳುವುದು ಹೇಗೆ? ಪ್ರೀತಿಯಿಂದ ಹೇಳಿದ ಸುಳ್ಳೇ ಅವರ ಕೊನೆಯ ಅವಕಾಶವನ್ನು ಕಿತ್ತುಕೊಂಡಿರುತ್ತದೆ.

ಹಿಂದೆ 'ಅಂತಿಮ ಅಭ್ಯಂಗ' ಎಂಬ ಹೆಸರೇ ಭಯ ಹುಟ್ಟಿಸುತ್ತಿತ್ತು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಇದನ್ನು 'ರೋಗಿಗಳ ಅಭ್ಯಂಗ' ಎಂದು ಕರೆಯುವುದೇ ಹೆಚ್ಚು ಸರಿ, ಕೊನೆಯುಸಿರಿನವರೆಗೆ ಕಾಯಬೇಕಿಲ್ಲ ಎಂದಿತು. 1972ರಲ್ಲಿ ಜಗದ್ಗುರು ಆರನೇ ಪೌಲರು ಹೊಸ ವಿಧಿಗೆ ಒಪ್ಪಿಗೆಯಿತ್ತರು. ಹಣೆಗೂ ಕೈಗಳಿಗೂ ಪವಿತ್ರ ತೈಲ ಹಚ್ಚುವ ಈ ಸಂಸ್ಕಾರವನ್ನು ಗಂಭೀರ ಕಾಯಿಲೆಯವರು, ಅದಕ್ಕಾಗಿ ಆಪರೇಷನ್‌ಗೆ ಹೋಗುವವರು, ನಿಶ್ಶಕ್ತರಾದ ವೃದ್ಧರು ಪಡೆಯಬಹುದು. ಕಾಯಿಲೆ ಉಲ್ಬಣಿಸಿದರೆ ಮತ್ತೆಯೂ ಪಡೆಯಬಹುದು. ಸಾವಿನ ಅಂಚಿನಲ್ಲಿರುವವರಿಗೆಂದೇ ಇರುವುದು ಕೊನೆಯ ಪರಮಪ್ರಸಾದ. ಅದಕ್ಕೆ ಲ್ಯಾಟಿನ್‌ನಲ್ಲಿ 'ವಿಯಾಟಿಕುಮ್' ಎಂದು ಹೆಸರು, ಅಂದರೆ ದಾರಿಯ ಬುತ್ತಿ.

ಬೆಟ್ಟ ಹತ್ತುವವರು ಬುತ್ತಿಯನ್ನು ಮನೆಯಲ್ಲೇ ಕಟ್ಟಿಕೊಂಡು ಬರ್ತಾರೆ. ಸಾವಿನ ಸಿದ್ಧತೆಯೂ ಹಾಗೆಯೇ. ಕೈಕಾಲು ಗಟ್ಟಿಯಿರುವಾಗಲೇ ಪಾಪನಿವೇದನೆ ಮಾಡಿ, ಸಾಲ ತೀರಿಸಿ, ಉಯಿಲು ಬರೆಸಿ, ಮುನಿದವರ ಮನೆ ಬಾಗಿಲು ತಟ್ಟಿ. ಸುಮರಣದ ಪಾಲಕರಾದ ಸಂತ ಜೋಸೆಫರ ನೆರವು ಬೇಡಿ. ದೇವರ ಕರೆ ತಡವಾಗಿ ಬಂದರೂ ನಷ್ಟವೇನಿಲ್ಲ. ರಾಜಿಯಾದ ಅಣ್ಣತಮ್ಮಂದಿರು ಅಷ್ಟು ವರ್ಷ ಒಂದೇ ಪಂಕ್ತಿಯಲ್ಲಿ ಕೂತು ಉಂಡಿರ್ತಾರೆ.