ಬಿಟ್ಟು ಹೊರಡಲು ಒಂದು ಬಾಗಿಲು

ಮೇಜಿನ ಮೇಲೆ ಒಂದು ಬ್ರೆಡ್ಡು, ಜೊತೆಗೆ ಜಾಮ್. ಮೆಟ್ಟಿಲ ಬುಡದಲ್ಲೇ ನಿಂತು, ಮೇಲಿನ ಕೋಣೆಗಳಲ್ಲಿ ಇರುವವರನ್ನು ಕೂಗಿ ವಿಚಾರಿಸುವ ಒಬ್ಬ ಕೆಲಸಗಾರ. ಇಷ್ಟಕ್ಕೇ ‘ಆಸರೆ’ ಎಂಬ ಹೆಸರು. ಇಂಗ್ಲೆಂಡಿನ ಕೆಲವು ಮನೆಗಳಲ್ಲಿ ಆರೈಕೆ ಹೀಗೆ ನಡೆಯುತ್ತಿದೆ ಎಂದು ಬ್ರಿಟನ್ ಸಂಸತ್ತಿನ ಸಮಿತಿಯೊಂದು 2022ರ ಅಕ್ಟೋಬರಿನಲ್ಲಿ ವರದಿ ಮಾಡಿತು.

ಜೈಲಿನಿಂದ ಬಿಡುಗಡೆಯಾದವರು, ಮಾದಕ ವ್ಯಸನದಿಂದ ಹೊರಬರಲು ಹೆಣಗುತ್ತಿರುವವರು, ಮನೆಯಲ್ಲಿನ ಹೊಡೆತ ತಾಳಲಾರದೆ ಹೊರಬಂದ ಹೆಂಗಸರು, ಮಾನಸಿಕ ಕಾಯಿಲೆಯವರು: ಇವರಿಗೆ ಸೂರು ಮಾತ್ರ ಸಾಲದು, ಜೊತೆಗೊಂದು ಜೀವವೂ ಬೇಕು. ಅದಕ್ಕೆಂದೇ ಇಂಥ ಮನೆಗಳ ಬಾಡಿಗೆಗೆ ಸರ್ಕಾರ ಕೊಡುವ ಹಣಕ್ಕೆ ಮಾಮೂಲಿ ಮಿತಿ ಇಲ್ಲ. ಮನೆ ನಡೆಸುವವರು ದತ್ತಿ ಸಂಸ್ಥೆಯೋ ಸ್ವಯಂಸೇವಾ ಸಂಸ್ಥೆಯೋ ಗೃಹ ಸಂಘವೋ ಆಗಿರಬೇಕು. ಕೊಡುವ ನೆರವು ತೀರಾ ನಾಮಮಾತ್ರದ್ದಾಗಿರಬಾರದು. ಈ ಸಡಿಲ ಮಾತಿನಲ್ಲೇ ದುಡ್ಡಿನ ದಾರಿ ಕಂಡವರು ಹುಟ್ಟಿಕೊಂಡರು. ಬರ್ಮಿಂಗ್‌ಹ್ಯಾಮ್ ಒಂದರಲ್ಲೇ ಇಂಥ ವಸತಿಯಲ್ಲಿದ್ದವರು 20,000ಕ್ಕೂ ಹೆಚ್ಚು. ಹಿಂಸೆಗೆ ಹೆದರಿ ಓಡಿಬಂದ ಹೆಣ್ಣುಮಗಳಿಗೆ ಹಿಂಸಾಚಾರಿಯೇ ನೆರೆಯವನಾದ ಉದಾಹರಣೆಗಳಿದ್ದವು. ಬಾಡಿಗೆ ಎಷ್ಟು ದುಬಾರಿಯೆಂದರೆ ಕೆಲಸಕ್ಕೆ ಸೇರಿದರೆ ಅದನ್ನು ಕಟ್ಟಲಾಗದು. ಬದುಕು ಕಟ್ಟಿಕೊಳ್ಳಲು ಬಂದವರು ಕೆಲಸಕ್ಕೆ ಹೋಗಲೇ ಅಂಜಬೇಕು.

ಇದು ಬರೀ ಆಡಳಿತದ ಲೋಪವೇ? ಇದರ ಬೇರು ಒಂದು ಹಳೆಯ ನಂಬಿಕೆಯಲ್ಲಿದೆ. ಆಶ್ರಯ ಕೊಡುವವರು ಒಳ್ಳೆಯವರು, ಒಳ್ಳೆಯವರ ಲೆಕ್ಕ ಕೇಳಬಾರದು ಎಂಬ ನಂಬಿಕೆ. ದತ್ತಿ ಎಂಬ ಹಣೆಪಟ್ಟಿಯೇ ನಡತೆಗೆ ಪ್ರಮಾಣಪತ್ರವಾಗಿಬಿಡುತ್ತದೆ.

ಬ್ರಿಟನ್ ಸಂಸತ್ತಿನಿಂದ ಬಹಳ ದೂರವೇನಲ್ಲ, ಥೇಮ್ಸ್ ನದಿಯ ಇನ್ನೊಂದು ದಡದಲ್ಲಿ, 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನ ಪ್ರತಿಮೆ ಇದೆ. ಆ ನಂಬಿಕೆಗೆ ಎದುರಾಗಿ, ಬಸವಣ್ಣ ಮತ್ತು ಇತರ ಶರಣರು ದಾನಕ್ಕಿಂತ ದಾಸೋಹವನ್ನು ಮೇಲೆ ಇರಿಸಿದವರು. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನೇ ದಾಸ. ಮನೆ ಬಾಗಿಲಿಗೆ ಬಂದವನಿಗೆ ಉತ್ತರ ಹೇಳಬೇಕಾದವನೂ ಅವನೇ. ಹಸಿದವನ ಮುಂದೆ ಬ್ರೆಡ್ಡಿಟ್ಟು, ಅವನ ಮುಖವನ್ನೂ ನೋಡದೆ, ಅವನ ಹೆಸರಿನಲ್ಲಿ ಹಣ ಎತ್ತುವುದನ್ನು ಈ ಅಳತೆಯಲ್ಲಿ ಕಳ್ಳತನ ಎನ್ನದೆ ವಿಧಿಯಿಲ್ಲ.

ಹಾಗೆಂದು ಇಂಥ ಮನೆಗಳನ್ನು ಕಾಯ್ದೆಗೆ ಒಳಪಡಿಸಿದರೆ, ಕರುಣೆಯನ್ನು ಇನ್‌ಸ್ಪೆಕ್ಟರ್‌ನಿಂದ ಅಳೆಯಲಾದೀತೇ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಹತ್ತಾರು ವರ್ಷಗಳಿಂದ ನೊಂದವರ ಜೊತೆ ನಿಂತ ಸಣ್ಣ ಸಂಸ್ಥೆಗಳಿವೆ. ಲೈಸೆನ್ಸಿನ ಖರ್ಚು, ಕಾಗದಪತ್ರದ ಭಾರ ಮೊದಲು ಬೀಳುವುದು ಅವುಗಳ ಮೇಲೆ. ಪ್ರೀತಿಯನ್ನು ಯಾವ ಕಾಯ್ದೆಯೂ ಹುಟ್ಟಿಸಲಾರದು, ನಿಜ. ಆದರೆ ಕಾಯ್ದೆಯ ಕೆಲಸ ಕೊಡುವವನ ಮನಸ್ಸನ್ನು ಅಳೆಯುವುದಲ್ಲ, ಪಡೆಯುವವನಿಗೆ ‘ಒಲ್ಲೆ’ ಎನ್ನುವ ಶಕ್ತಿ ಕೊಡುವುದು.

ಸಂಸದ ಬಾಬ್ ಬ್ಲ್ಯಾಕ್‌ಮನ್ ಖಾಸಗಿ ಸದಸ್ಯರ ಮಸೂದೆಯಾಗಿ ತಂದು, 2023ರ ಜೂನ್ 29ರಂದು ರಾಜಸಮ್ಮತಿ ಪಡೆದ ಕಾಯ್ದೆಯಲ್ಲಿ ಈ ಶಕ್ತಿಯ ಬೀಜವಿದೆ. ರಾಷ್ಟ್ರೀಯ ಗುಣಮಟ್ಟ, ಸ್ಥಳೀಯ ಲೈಸೆನ್ಸು, ಸಲಹಾ ಸಮಿತಿ ಇವೆಲ್ಲ ಅದರಲ್ಲಿವೆ. ತಾತ್ವಿಕವಾಗಿ ಬಹು ದೊಡ್ಡದು ಮಾತ್ರ ಬೇರೊಂದು ಅಂಶ. ಇಂಗ್ಲೆಂಡಿನಲ್ಲಿ, ಇದ್ದ ಮನೆಯನ್ನು ತಾವಾಗಿ ಬಿಟ್ಟವರನ್ನು ‘ಬೇಕೆಂದೇ ಮನೆ ಕಳೆದುಕೊಂಡವರು’ ಎಂದು ಪರಿಗಣಿಸಿದರೆ, ಅವರಿಗೆ ಮನೆ ಒದಗಿಸುವ ಮುಖ್ಯ ಹೊಣೆಯಿಂದ ಸ್ಥಳೀಯ ಕೌನ್ಸಿಲ್ ಪಾರಾಗುತ್ತದೆ. ಆ ಭಯದಿಂದಲೇ ಎಷ್ಟೋ ಜನ ಹಲ್ಲು ಕಚ್ಚಿ ಉಳಿದಿರಬೇಕು. ಗುಣಮಟ್ಟವಿಲ್ಲದ ಮನೆಯನ್ನು ಆ ಕಾರಣಕ್ಕೇ ಬಿಟ್ಟವರ ಮೇಲೆ ಈ ಮಾತು ಹೊರಿಸುವಂತಿಲ್ಲ ಎನ್ನುತ್ತದೆ ಹೊಸ ಕಾಯ್ದೆ.

ಅದಕ್ಕೆ ಮೊದಲು ಗುಣಮಟ್ಟ ಎಂದರೇನೆಂದು ಬರೆದು ಜಾರಿಗೆ ತರಬೇಕಲ್ಲ? ಅದರ ಬಗ್ಗೆ, ಲೈಸೆನ್ಸಿನ ಬಗ್ಗೆ ಸರ್ಕಾರ ಸಾರ್ವಜನಿಕರ ಅಭಿಪ್ರಾಯ ಕೇಳಲು ಹೊರಟದ್ದು 2025ರ ಫೆಬ್ರುವರಿಯಲ್ಲಿ. ಅಷ್ಟರಲ್ಲಿ ಮೆಟ್ಟಿಲ ಮೇಲಿನ ಕೋಣೆಗಳಲ್ಲಿ ಕಾಯ್ದೆಯ ನಂತರದ ಎರಡನೆಯ ಚಳಿಗಾಲ ಕಳೆಯುತ್ತಿತ್ತು.